ಅಠಾರ ಕಚೇರಿ ಕಲಿಸುವ ಪಾಠ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಶುಭ ಸಂದರ್ಭದಲ್ಲಿ ಆವರಣದ ಹಳೆಯ ಶಾಲಾ ಕಟ್ಟಡದ ಪ್ರಶ್ನೆಯೂ ನಮ್ಮೆದುರು ನಿಂತಿದೆ. ಶಾಲೆ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದನ್ನು ಕೆಡವಬೇಕೆಂಬ ಸಲಹೆ ಬಂದಿದೆ. ತೀರ್ಮಾನಕ್ಕೆ ಮುನ್ನ ಬೆಂಗಳೂರಿನ ಒಂದು ಸಾರ್ವಜನಿಕ ಕಟ್ಟಡದ ಕಥೆಯನ್ನು ನಿವೇದಿಸಲು ಇಚ್ಛಿಸುತ್ತೇವೆ.

ಕಬ್ಬನ್ ಉದ್ಯಾನದ ಅಂಚಿನಲ್ಲಿ ಕೆಂಪು ಬಣ್ಣದಿಂದ ಶೋಭಿಸುವ ಉಚ್ಚ ನ್ಯಾಯಾಲಯವನ್ನು ನಮ್ಮಲ್ಲಿ ನೋಡದವರು ವಿರಳ. ಅದು ನ್ಯಾಯಾಲಯಕ್ಕೆಂದು ಕಟ್ಟಿದ ಭವನವಲ್ಲ. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ ಸರಕಾರದ ಕಾರ್ಯಾಲಯಗಳು ಬೆಂಗಳೂರಿನ ಕೋಟೆಯ ಬಳಿಯ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದವು. ಹೈದರಾಲಿ ಆರಂಭಿಸಿ, 1791ರಲ್ಲಿ ಟಿಪ್ಪು ಪೂರ್ಣಗೊಳಿಸಿದ ಆ ಮರದ ಕಂಬಗಳ ಅರಮನೆ ಹೀಗೆ ಗುಮಾಸ್ತರ ಕಚೇರಿಯಾಯಿತು. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ, 1864ರಿಂದ 1868ರವರೆಗೆ, ಹೊಸ ಕಟ್ಟಡ ಎದ್ದಿತು. ಹದಿನೆಂಟು ಇಲಾಖೆಗಳಿಗೆ ನೆಲೆಯಾದ ಅದಕ್ಕೆ 'ಅಠಾರ ಕಚೇರಿ' ಎಂಬ ಹೆಸರು ಬಂದಿತು.

1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಆಳುವವರು ಬದಲಾದರೂ ಕಟ್ಟಡ ಬದಲಾಗಲಿಲ್ಲ. ಕಮಿಷನರರ ಕಡತಗಳಿದ್ದಲ್ಲಿ ದಿವಾನರ ಕಡತಗಳು ಬಂದು ಕುಳಿತವು. ಸ್ವಾತಂತ್ರ್ಯಾನಂತರ ಎದುರಿಗೆ ವಿಧಾನಸೌಧ ತಲೆಯೆತ್ತಿತು. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಆ ಸೌಧ 1956ರಲ್ಲಿ ಪೂರ್ಣಗೊಂಡಾಗ ಸಚಿವಾಲಯ ರಸ್ತೆ ದಾಟಿ ಹೋಯಿತು. ಹಳೆಯ ಕಟ್ಟಡ ನ್ಯಾಯದೇವತೆಯ ಪಾಲಾಯಿತು.

ಆದರೆ 1982ರ ಸುಮಾರಿಗೆ ಅದನ್ನು ಕೆಡವುವ ಯೋಚನೆ ಹುಟ್ಟಿತು. ಆಗ ನಾಗರಿಕರು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಡನೆ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆ ನಡೆದದ್ದಾದರೂ ಎಲ್ಲಿ? ಅದೇ ಕಟ್ಟಡದಲ್ಲಿ! ತನ್ನ ಅಳಿವು ಉಳಿವಿನ ವಾದವನ್ನು ತನ್ನ ಗೋಡೆಗಳೊಳಗೇ ಕೇಳುವ ಯೋಗ ಎಷ್ಟು ಕಟ್ಟಡಗಳಿಗೆ ಒದಗೀತು? ಕೊನೆಗೆ ಅದು ಉಳಿಯಿತು. ಇಂದಿಗೂ ಅಲ್ಲಿ ಜನರು ನ್ಯಾಯ ಕೇಳಿ ಮೆಟ್ಟಿಲೇರುತ್ತಿದ್ದಾರೆ.

ಬಂಧುಗಳೇ, ಈ ಎರಡು ಕಟ್ಟಡಗಳನ್ನು ಹೋಲಿಸಿ ನೋಡೋಣ. ಟಿಪ್ಪುವಿನ ಅರಮನೆ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಜನ ಬಂದು ನೋಡಿ ಹೋಗುತ್ತಾರೆ. ಅಠಾರ ಕಚೇರಿಯಾದರೋ ಕೆಲಸದಲ್ಲಿದೆ. ಒಬ್ಬರು ತೆರವು ಮಾಡಿದಾಗಲೆಲ್ಲ ಮತ್ತೊಬ್ಬರಿಗೆ ಅದು ಬೇಕಾಯಿತು. ಕಟ್ಟಡವೊಂದನ್ನು ಉಳಿಸುವುದು ಅಭಿಮಾನ ಮಾತ್ರವಲ್ಲ, ಉಪಯೋಗವೂ ಹೌದು.

ನಮ್ಮ ಶಾಲಾ ಕಟ್ಟಡದ ಹೆಂಚುಗಳು ಸೋರುತ್ತಿವೆ, ತೊಲೆಗಳಿಗೆ ಗೆದ್ದಲು ಹಿಡಿದಿದೆ ಎಂಬುದು ಸುಳ್ಳಲ್ಲ. ಮಕ್ಕಳ ತಲೆಯ ಮೇಲೆ ಅಪಾಯವನ್ನು ತೂಗಹಾಕಿ ಹಳೆಯದನ್ನು ಉಳಿಸಿರೆಂದು ನಾವು ಹೇಳುವುದಿಲ್ಲ. ನಾವು ಬೇಡುವುದು ಇಷ್ಟೇ: ಮೊದಲು ಬಲ್ಲ ಇಂಜಿನಿಯರರು ಗೋಡೆ ತೊಲೆಗಳನ್ನು ಪರೀಕ್ಷಿಸಲಿ. ಗೋಡೆ ಗಟ್ಟಿಯಿದ್ದರೆ ಕೆಡವುವ ಖರ್ಚನ್ನು ದುರಸ್ತಿಯ ಖರ್ಚಿನೊಡನೆ ತೂಗಿ ನೋಡೋಣ. ಅನಂತರ ಅದಕ್ಕೆ ಹೊಸ ಕೆಲಸವೊಂದನ್ನು ಹುಡುಕೋಣ: ವಾಚನಾಲಯವಾಗಲಿ, ಹೆಣ್ಣುಮಕ್ಕಳ ಹೊಲಿಗೆ ತರಗತಿಯಾಗಲಿ, ವೃದ್ಧರು ಸಂಜೆ ಕೂಡುವ ಜಗಲಿಯಾಗಲಿ.

ಆ ಜಗಲಿಯಲ್ಲಿ ಅಕ್ಷರ ತಿದ್ದಿದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಕೆಡವಲು ಒಂದು ದಿನ ಸಾಕು. ಆದುದರಿಂದ ಯೋಚಿಸಲು ಕೆಲವು ತಿಂಗಳು ತೆಗೆದುಕೊಂಡರೆ ತಪ್ಪಾಗಲಾರದು.