ಉತ್ತರ ಹೊರಗೇ ಸಿಕ್ಕರೆ ಒಳಗೆ ಬರೋರು ಯಾರು?

ಗೂಗಲ್‌ನಲ್ಲಿ ಏನಾದ್ರೂ ಹುಡುಕಿದ್ರೆ ಎಷ್ಟೋ ಸಲ ಮೇಲ್ಗಡೆಯೇ ಒಂದು ಚೌಕದಲ್ಲಿ ಉತ್ತರ ಬರುತ್ತೆ. ಓದಿ ಫೋನ್ ಕೆಳಗಿಡ್ತೀವಿ. ಆ ಉತ್ತರ ಬರೆದವರ ಸೈಟಿಗೆ ಹೋಗೋದೇ ಇಲ್ಲ.

ಅಮೆರಿಕದ ಸೆಲೆಬ್ರಿಟಿ ನೆಟ್ ವರ್ತ್ ಸೈಟನ್ನೇ ನೋಡಿ. ತಾರೆಯರ ಆಸ್ತಿ ಅಂದಾಜು ಮಾಡಿ ಹಾಕೋದು ಅದರ ಕಸುಬು, ಜಾಹೀರಾತೇ ಸಂಪಾದನೆ. 2014ರಲ್ಲಿ ಗೂಗಲ್ ಆ ಮಾಹಿತಿ ಕೇಳಿದಾಗ ಮಾಲೀಕ ಬ್ರಯಾನ್ ವಾರ್ನರ್ ಒಪ್ಪಲಿಲ್ಲ. 2016ರಲ್ಲಿ ಅವೇ ಅಂಕಿಗಳು ಗೂಗಲ್ ಚೌಕದಲ್ಲಿ ಬಂದವು. ವರ್ಷದೊಳಗೆ ಸೈಟಿಗೆ ಬರೋರು ಶೇ. 65ರಷ್ಟು ಇಳಿದರು ಅಂತ ಅವರೇ ಹೇಳಿದ್ದಾರೆ.

ನಮ್ಮೂರ ಅಂಗಡಿಗೆ ಲೆಕ್ಕ ಬೇರೆ. ಅಲ್ಲಿ ಮಾರೋದು ಮಾಹಿತಿಯಲ್ಲ, ಸರಕು. ಹೊಸೂರಿನ ಟೈಲರ್ ಅಂಗಡಿ ಎಷ್ಟೊತ್ತಿಗೆ ತೆರೆಯುತ್ತೆ ಅಂತ ಚೌಕದಲ್ಲೇ ಗೊತ್ತಾದ್ರೆ ಗಿರಾಕಿ ನೇರ ಬಾಗಿಲಿಗೇ ಬರ್ತಾರೆ. ಆದ್ರೆ ಆ ಮಾಹಿತಿ ಸರಿ ಇರಬೇಕು. ಗೂಗಲ್ ಮ್ಯಾಪ್‌ನಲ್ಲಿ ಯಾರು ಬೇಕಾದ್ರೂ ತಿದ್ದುಪಡಿ ಸೂಚಿಸಬಹುದು, ‘ಶಾಶ್ವತವಾಗಿ ಮುಚ್ಚಿದೆ’ ಅಂತಲೂ!

ಅದಕ್ಕೇ ಮನೆಯಲ್ಲಿ ಅಂಗಡಿ ಇದ್ದವರು ಗೂಗಲ್ ಬಿಸಿನೆಸ್ ಪ್ರೊಫೈಲನ್ನ ಇವತ್ತೇ ನಿಮ್ಮ ಕೈಗೆ ತಗೊಳ್ಳಿ. ದುಡ್ಡು ಕೊಡಬೇಕಾಗಿಲ್ಲ. ವೇಳೆ, ಫೋನ್ ನಂಬರ್ ಸರಿಯಾಗಿ ಹಾಕಿ, ವಿವರ ಕನ್ನಡದಲ್ಲೂ ಬರೀರಿ.

ಇನ್ನು ಬರಹದಿಂದಲೇ ದುಡಿಯೋ ಆಸೆ ಇರೋರು ಒಂದು ಸಾಲಲ್ಲಿ ಮುಗಿಯೋ ಉತ್ತರಗಳನ್ನ ನಂಬಿ ಸೈಟ್ ಕಟ್ಟಬೇಡಿ. ಒಬ್ಬನೇ ಗಿರಾಕಿಯನ್ನ ನೆಚ್ಚಿಕೊಂಡ ವ್ಯಾಪಾರ ಗಟ್ಟಿಯಲ್ಲ ಅನ್ನೋದು ಬ್ಯಾಂಕಿನಲ್ಲಿ ಕೂತ ನಮಗೆ ಚೆನ್ನಾಗಿ ಗೊತ್ತು. ಗೂಗಲ್ಲೂ ಒಬ್ಬನೇ ಗಿರಾಕಿ ಇದ್ದಂಗೆ. ಓದುಗರು ನಿಮ್ಮ ಹೆಸರನ್ನೇ ಹುಡುಕ್ಕೊಂಡು ಬರೋ ಹಾಗೆ ಬರೀರಿ.