ಸಣ್ಣ ವ್ಯಾಪಾರಕ್ಕೆ ಸಾಲ ಮೊದಲೋ, ಜಾಗ ಮೊದಲೋ

ಸಣ್ಣ ಉದ್ದಿಮೆಗೆ ಸರ್ಕಾರ ಒದಗಿಸಬಹುದಾದದ್ದು ಮುಖ್ಯವಾಗಿ ಮೂರು: ಬಂಡವಾಳ, ಜಾಗ, ಮಾರುಕಟ್ಟೆ. ಈಗಿನ ನೀತಿಯಲ್ಲಿ ಬಂಡವಾಳದ್ದೇ ಮೇಲುಗೈ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಮಿತಿ ಈಗ 20 ಲಕ್ಷ ರೂಪಾಯಿಗೆ ಏರಿದೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದಲ್ಲಿ 50 ಲಕ್ಷದವರೆಗಿನ ತಯಾರಿಕಾ ಘಟಕಕ್ಕೆ ಸಹಾಯಧನ ಉಂಟು. ಹಳ್ಳಿಗಾಡಿನಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ವಿಶೇಷ ವರ್ಗಕ್ಕೆ ಶೇ 35. ಅರಸೀಕೆರೆಯ ಕೊಬ್ಬರಿ, ಬೇಲೂರಿನ ಬೀದಿ ವ್ಯಾಪಾರ, ಹಳೇಬೀಡಿನ ಕಲ್ಲು ಕೆತ್ತನೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಸಂಗತಿ ತಿಳಿಯುತ್ತದೆ. ಮೂರು ಕಡೆಯೂ ಸಾಲಕ್ಕೆ ಯೋಜನೆಯಿದೆ, ಕಸುಬು ನಡೆಸುವ ಜಾಗಕ್ಕೆ ಮಾತ್ರ ಬೇಲೂರಿನ ಬೀದಿಯ ಹೊರತು ಭದ್ರತೆಯಿಲ್ಲ.

ನೀತಿ ಯಾವಾಗಲೂ ಹೀಗೇ ಇರಲಿಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು. ಅದು ಬಂಡವಾಳದ ಏರ್ಪಾಡು. ಸ್ವಾತಂತ್ರ್ಯಾನಂತರ ಜಾಗ ಒದಗಿಸುವ ಕೈಗಾರಿಕಾ ವಸಾಹತುಗಳ ಯುಗ ಬಂತು. 1960ರಲ್ಲಿ ಸ್ಥಾಪನೆಯಾದ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಶೆಡ್ಡು ಕಟ್ಟಿ, ನಿವೇಶನ ಹಂಚಿತು. ಉದ್ದಿಮೆಗೆ ಸೂರು ಬೇಕೆಂಬ ತಿಳಿವಳಿಕೆ ಆಗ ನೀತಿಯೊಳಗೇ ಇತ್ತು. ಆದರೆ ಆ ಶೆಡ್ಡುಗಳು ಲೇತು, ಅಚ್ಚುಕೂಟಗಳಂಥ ಯಂತ್ರದ ಕೆಲಸವನ್ನು ಕಣ್ಣ ಮುಂದಿಟ್ಟುಕೊಂಡವು. ತೆಂಗಿನಕಾಯಿ ಹರಡುವ ಅಟ್ಟವಾಗಲಿ, ವಿಗ್ರಹ ಕೆತ್ತುವ ಚಪ್ಪರವಾಗಲಿ ಅವುಗಳ ಲೆಕ್ಕಕ್ಕೆ ಬರಲಿಲ್ಲ.

ಅರಸೀಕೆರೆ ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಲೊಟಲೊಟ ಸದ್ದು ಬಂದರೆ ಅದು ಕೊಬ್ಬರಿಯಾದ ಗುರುತು. ಆಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪನ್ನಷ್ಟೇ ಬಿಡಿಸಬೇಕು. ಹೀಗೆ ಹಣ ವರ್ಷವಿಡೀ ಅಟ್ಟದ ಮೇಲಿರುತ್ತದೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳಿಗೂ ಬರುತ್ತದೆ. 2024ರ ಆರಂಭದಲ್ಲಿ ಪೇಟೆಯ ಧಾರಣೆ ಕ್ವಿಂಟಲಿಗೆ 12,000 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಮರುವರ್ಷ ಅದರ ಎರಡು ಪಟ್ಟನ್ನೂ ದಾಟಿತು. ದಾಸ್ತಾನು ಇಡುವ ತಾವೂ ಕಾಯುವ ತಾಕತ್ತೂ ಇದ್ದವರಿಗೆ ಈ ಏರಿಕೆ ದಕ್ಕಿತು, ಇಲ್ಲದವರು ಇಳಿದ ಧಾರಣೆಗೇ ಮಾರಿ ಕೈ ತೊಳೆದುಕೊಂಡರು. 2007ರ ಉಗ್ರಾಣ ಕಾಯಿದೆಯಂತೆ ನೋಂದಾಯಿತ ಉಗ್ರಾಣದ ರಸೀದಿಯನ್ನು ಒತ್ತೆಯಿಟ್ಟು ಸಾಲ ಪಡೆಯಬಹುದು. ಮನೆಯ ಅಟ್ಟದಲ್ಲಿ ಒಣಗುತ್ತಿರುವ ಕಾಯಿಗೆ ಅಂಥ ರಸೀದಿ ಕೊಡುವವರಿಲ್ಲ.

ಬೇಲೂರು ಪುರಸಭೆಯ ಊರು. ಹಾಗಾಗಿ ಅಲ್ಲಿನ ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯಿದೆಯ ಆಸರೆಯಿದೆ. ಐದು ವರ್ಷಕ್ಕೊಮ್ಮೆ ಸಮೀಕ್ಷೆ, ಪಟ್ಟಣ ವ್ಯಾಪಾರ ಸಮಿತಿ, ಗುರುತಿನ ಚೀಟಿ, ಸಮೀಕ್ಷೆ ಮುಗಿಯುವವರೆಗೆ ಎತ್ತಂಗಡಿ ಮಾಡಬಾರದೆಂಬ ಕಟ್ಟಳೆ ಎಲ್ಲವೂ ಅದರಲ್ಲಿವೆ. 2020ರ ಸ್ವನಿಧಿ ಸಾಲ ಯೋಜನೆಯ ಮೊದಲ ಕಂತು 10 ಸಾವಿರವಿದ್ದದ್ದು 2025ರಲ್ಲಿ 15 ಸಾವಿರವಾಯಿತು. 16 ಕಿಲೋಮೀಟರ್ ದಾಟಿ ಹಳೇಬೀಡಿಗೆ ಬಂದರೆ ಲೆಕ್ಕವೇ ಬದಲು. ಅದು ಗ್ರಾಮ ಪಂಚಾಯಿತಿಯ ಊರು. 2014ರ ಕಾಯಿದೆ ನಗರಗಳಿಗೆ ಮಾತ್ರ. ಎರಡೂ ಕಡೆ ಅದೇ ಪ್ರವಾಸಿ, ಅದೇ ಬಳೆ, ಸರ, ಎಳನೀರಿನ ವ್ಯಾಪಾರ. ಒಂದು ಕಡೆ ವ್ಯಾಪಾರಿಗೆ ಹಕ್ಕಿದೆ, ಇನ್ನೊಂದು ಕಡೆ ಪಂಚಾಯಿತಿಯ ದಾಕ್ಷಿಣ್ಯವೇ ಗತಿ. ಸ್ಥಳೀಯ ಸಂಸ್ಥೆ ಯಾವುದೆಂಬುದರ ಮೇಲೆ ಬದುಕಿನ ಭದ್ರತೆ ನಿಂತಿರುವುದು ನೀತಿಯ ದೊಡ್ಡ ಲೋಪ.

ಕಲ್ಲು ಕೆತ್ತನೆಯ ವಿಷಯಕ್ಕೆ ಬಂದರೆ ಈ ಲೋಪ ಇನ್ನಷ್ಟು ಎದ್ದು ಕಾಣುತ್ತದೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರದ ವಿಶ್ವಕರ್ಮ ಯೋಜನೆ ಜಾರಿಗೆ ಬಂತು. ಅದರ 18 ಕಸುಬುಗಳ ಪಟ್ಟಿಯಲ್ಲಿ ಶಿಲ್ಪಿಗಳೂ ಇದ್ದಾರೆ. ಸಲಕರಣೆಗೆ 15 ಸಾವಿರ, ಅಡಮಾನವಿಲ್ಲದೆ ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಮರುದಿನವೇ, ಸೆಪ್ಟೆಂಬರ್ 18ರಂದು, ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಒಂದು ಕೆತ್ತುವವನನ್ನು ಕುರಿತದ್ದು, ಇನ್ನೊಂದು ಕೆತ್ತಿದ್ದನ್ನು ಕುರಿತದ್ದು. ಎರಡನ್ನೂ ಬೆಸೆಯುವ ಏರ್ಪಾಡು ಮಾತ್ರ ನೀತಿಯಲ್ಲಿಲ್ಲ. ಇಲ್ಲಿ ಕೆತ್ತುವ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿ. ಕೆತ್ತುವಾಗ ಏಳುವ ಬಿಳಿ ಹುಡಿ ಮೂಗು, ಬಾಯಿ, ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ವಾಸದ ಮನೆಯೊಳಗೆ ಮಾಡುವ ಕೆಲಸವಲ್ಲ ಅದು. ಗಾಳಿಯಾಡುವ ಚಪ್ಪರ ಬೇಕು. ಆದರೆ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. ಪ್ರವಾಸಿಗರ ಓಡಾಟವಿರುವುದೂ ಅಲ್ಲಿಯೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದ ಇತಿಹಾಸಕಾರ ಷ. ಶೆಟ್ಟರ್ ಅವರ ಶಿಷ್ಯವರ್ಗಕ್ಕೆ ಗೊತ್ತಿರುವ ಸಂಗತಿ: ದೇವಾಲಯವನ್ನು ಅರಸನ ಕಡೆಯಿಂದಷ್ಟೇ ನೋಡಬಾರದು, ಪೀಠದ ಮೇಲೆ ಹೆಸರು ಕೊರೆದವನ ಕಡೆಯಿಂದಲೂ ನೋಡಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ರುಜು ಬೇಲೂರಿನಲ್ಲಿ ಇಂದಿಗೂ ಇದೆ. ಬಳ್ಳಿಗಾವೆಯವರು ಬೇಲೂರಿನಲ್ಲಿ ಉಳಿ ಹಿಡಿದದ್ದು ಅಲ್ಲಿ ಕೆಲಸವಿದ್ದುದರಿಂದ. ಕುಶಲಕರ್ಮಿಯನ್ನು ಕಾಯುವುದು ಕೆಲಸ ಮತ್ತು ಕೆಲಸದ ತಾಣ. ಸಾಲ ಅವೆರಡರ ನಂತರದ ಮಾತು. ಶೆಟ್ಟರ್ ಕಲಿಸಿಕೊಟ್ಟ ಈ ನೋಟ ಚರಿತ್ರೆಯಷ್ಟೇ ಇಂದಿನ ಉದ್ದಿಮೆ ನೀತಿಗೂ ಸಲ್ಲಬೇಕು.

ಹಾಗೆಂದು 100 ಮೀಟರಿನ ಗೆರೆ ಅಳಿಸುವಂತಿಲ್ಲ. ಸ್ಮಾರಕ ಉಳಿಯದಿದ್ದರೆ ಅದನ್ನು ನಂಬಿದ ವ್ಯಾಪಾರವೂ ಉಳಿಯದು. ಗೆರೆಯಾಚೆ ಕೆತ್ತನೆಗೆ ಸಾಮೂಹಿಕ ಚಪ್ಪರ, ಅರಸೀಕೆರೆಯಲ್ಲಿ ಕಾಯಿ ಒಣಗಿಸುವ ಬಾಡಿಗೆ ಅಟ್ಟ, ಹಳೇಬೀಡಿಗೂ ಅನ್ವಯಿಸುವ ಬೀದಿ ವ್ಯಾಪಾರದ ಕಾನೂನು ಇವು ಮೂರೂ ಆಗಬಹುದಾದ ಕೆಲಸಗಳೇ. ಆದರೂ ಕೆಲವು ಪ್ರಶ್ನೆಗಳು ಉಳಿಯುತ್ತವೆ. ದೇಗುಲದಿಂದ 300 ಮೀಟರ್ ದೂರದ ಚಪ್ಪರಕ್ಕೆ ಬಸ್ಸಿನ ಸಮಯ ನೋಡುತ್ತಿರುವ ಪ್ರವಾಸಿ ನಡೆದು ಬಂದಾನೆಯೇ? ಬಾಗಿಲ ಬಳಿಯ ಮಳಿಗೆ ಹರಾಜಿಗೆ ಬಂದರೆ ಅದು ಶಿಲ್ಪಿಯ ಪಾಲಾದೀತೇ, ಹೆಚ್ಚು ಕೂಗಿದವನ ಪಾಲಾದೀತೇ? ಪರಂಪರೆಯ ಹೆಸರಿನಲ್ಲಿ ಊರೆಲ್ಲ ಬಿಟ್ಟುಕೊಟ್ಟ ಜಾಗಕ್ಕೆ ಪರಿಹಾರವನ್ನು ಯಾವ ಇಲಾಖೆ ಕೊಡಬೇಕು, ಕೈಗಾರಿಕೆಯೋ, ಪ್ರವಾಸೋದ್ಯಮವೋ, ಪುರಾತತ್ತ್ವವೋ?