ಮನೆಯನ್ನು ಕೆಡಹುವ ಮುನ್ನ



ನಮ್ಮ ಭಾಗದ ಊರುಗಳಲ್ಲಿ ಅಣ್ಣತಮ್ಮಂದಿರ ಪಾಲು ಮುಗಿದೊಡನೆ ಎಷ್ಟೋ ವಾಡೆಗಳು ನೆಲಕ್ಕುರುಳುತ್ತವೆ. ಕಲ್ಲು ಒಬ್ಬನಿಗೆ, ಸಾಗವಾನಿಯ ತೊಲೆ ಇನ್ನೊಬ್ಬನಿಗೆ. ಮನೆ ಹಳೆಯದಾಯಿತೆಂಬುದೇ ಅವರು ಕೊಡುವ ಕಾರಣ. ವಯಸ್ಸೊಂದೇ ಕಟ್ಟಡದ ದೋಷವಾಗದೆಂದೂ, ದೋಷವಿರುವ ಭಾಗವನ್ನು ಹುಡುಕಿದ ಮೇಲೆಯೇ ತೀರ್ಮಾನವಾಗಬೇಕೆಂದೂ ನಾವು ನಂಬಿದ್ದೇವೆ.

ಕೊಲ್ಲಾಪುರದ ಟೌನ್ ಹಾಲನ್ನು ಮೇಜರ್ ಚಾರ್ಲ್ಸ್ ಮಾಂಟ್ ಅವರ ವಿನ್ಯಾಸದಂತೆ 1872ರಿಂದ 1876ರ ಅವಧಿಯಲ್ಲಿ ಸಭೆ ಸಮಾರಂಭಗಳಿಗಾಗಿ ಕಟ್ಟಲಾಯಿತು. 1949ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಬ್ರಹ್ಮಪುರಿಯ ದಿಬ್ಬದಲ್ಲಿ ದೊರೆತ ಸಮುದ್ರದೇವತೆ ಪೊಸೈಡನ್ನನ ಕಂಚಿನ ಮೂರ್ತಿಗೆ ಅಲ್ಲಿ ನೆಲೆ ದೊರೆಯಿತು. ಆ ದಿಬ್ಬದ ಶೋಧದಲ್ಲಿ ರಾಜಾರಾಮ ಕಾಲೇಜಿನ ಪ್ರೊ. ಕೆ. ಜಿ. ಕುಂದಣಗಾರರಂಥ ಕನ್ನಡ ವಿದ್ವಾಂಸರ ಪರಿಶ್ರಮವಿದೆ. ಇಚಲಕರಂಜಿಯಲ್ಲಿ ಘೋರ್ಪಡೆ ಜಹಗೀರದಾರರ ರಾಜವಾಡೆ ಈಗ ಜವಳಿ ಹಾಗೂ ಇಂಜಿನಿಯರಿಂಗ್ ವಿದ್ಯಾಲಯವಾಗಿದೆ. ನೇಕಾರರ ಊರಿಗೆ ಇದಕ್ಕಿಂತ ಒಪ್ಪುವ ಉಪಯೋಗ ಬೇರೆ ಯಾವುದಿದ್ದೀತು!

ಅರಮನೆಗಳ ಮಾತು ಸಾಕು. ನಮ್ಮ ಮನೆಗಳಿಗೆ ಬರೋಣ. ಗಡಹಿಂಗ್ಲಜದ ಕಡೆಯ ಕಲ್ಲುಮಣ್ಣಿನ ಮನೆಗೆ ಮೊದಲ ಶತ್ರು ನೀರು. ಆದುದರಿಂದ ಪರೀಕ್ಷೆ ಹೆಂಚಿನಿಂದ ಆರಂಭವಾಗಲಿ. ತೊಲೆಯ ನಡುಭಾಗ ಗಟ್ಟಿಯಾಗಿದ್ದರೂ ಗೋಡೆಯೊಳಗೆ ಹುದುಗಿದ ತುದಿ ಕೊಳೆತಿರಬಹುದು. ಉಳಿಯಿಂದ ಚುಚ್ಚಿ ನೋಡಬೇಕು. ತುದಿ ಮಾತ್ರ ಕೆಟ್ಟಿದ್ದರೆ ಜಾಣ ಬಡಗಿ ಹೊಸ ತುಂಡನ್ನು ಜೋಡಿಸಬಲ್ಲನು. ಗೋಡೆಯ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿರಿ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಒಂದು ವರ್ಷದಲ್ಲಿ ಪಟ್ಟಿ ಹರಿದರೆ ಗೋಡೆ ಇನ್ನೂ ಚಲಿಸುತ್ತಿದೆಯೆಂದು ತಿಳಿಯಬೇಕು. ಹರಿಯದಿದ್ದರೆ ಬಿರುಕು ಹಳೆಯದಿರಬಹುದು. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯುವುದು ಉಪಕಾರವಲ್ಲ. ಒಳಗಿನ ತೇವ ಹೊರಬರಲು ಸುಣ್ಣದ ಗಾರೆಯೇ ಲೇಸು.

ಉಪಯೋಗವನ್ನು ಬದಲಿಸುವಾಗ ಭಾರವನ್ನೂ ಎಣಿಸಬೇಕು. ಕಟ್ಟಿಗೆಯ ಮಹಡಿಯ ಮೇಲೆ ವಿದ್ಯುತ್ ಮಗ್ಗ ಹೂಡಬಾರದೆಂಬುದು ಎಲ್ಲರಿಗೂ ಗೊತ್ತು. ಆದರೆ ಪುಸ್ತಕದ ಕಪಾಟುಗಳು ಜನರ ಗುಂಪಿಗಿಂತ ಭಾರವಾಗಬಲ್ಲವೆಂಬುದು ವಾಚನಾಲಯ ತೆರೆಯುವ ನಮ್ಮಂಥ ಉತ್ಸಾಹಿಗಳಿಗೆ ತೋಚುವುದಿಲ್ಲ. ಕಪಾಟು ಕೆಳಗಿರಲಿ, ಮಕ್ಕಳ ಪಾಠ ಮೇಲೆ ನಡೆಯಲಿ. ಬೆಂಕಿಯ ಭಯವೂ ಲೆಕ್ಕದಲ್ಲಿರಬೇಕು. ಶಾಹೂ ಮಹಾರಾಜರು ಕಟ್ಟಿಸಿದ, ಮುಂದೆ ಕೇಶವರಾವ ಭೋಸಲೆಯವರ ಹೆಸರು ಪಡೆದ ಕೊಲ್ಲಾಪುರದ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಉರಿದುಹೋಯಿತು. ಭೋಸಲೆಯವರು ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಹುಬ್ಬಳ್ಳಿಯಲ್ಲಿ ಕಟ್ಟಿದವರಾದ ಕಾರಣ ಆ ನಷ್ಟ ನಮ್ಮದೂ ಹೌದು.

ಎಲ್ಲವನ್ನೂ ಉಳಿಸಿಕೊಳ್ಳಿರೆಂದು ನಾವು ಹೇಳುವುದಿಲ್ಲ. 2019 ಮತ್ತು 2021ರ ಮಹಾಪೂರದಲ್ಲಿ ದಿನಗಟ್ಟಲೆ ನೀರಲ್ಲಿ ನಿಂತ ಮಣ್ಣಿನ ಗೋಡೆಗಳಲ್ಲಿ ಕೆಲವು ಹೊರನೋಟಕ್ಕೆ ನೆಟ್ಟಗಿದ್ದರೂ ಒಳಗೆ ಸಡಿಲಾಗಿರಬಹುದು. ಇಂಜಿನಿಯರರು ಅಪಾಯವೆಂದರೆ ಅಂಥ ಮನೆಯಲ್ಲಿ ಒಂದು ರಾತ್ರಿಯೂ ಮಲಗಬಾರದು. ಉಳಿದ ಮನೆಗಳ ಮಾಲಿಕರು ಪಾಲಿನ ಪಂಚರನ್ನು ಕರೆಯುವ ಮೊದಲು ಒಮ್ಮೆ ಗವಂಡಿಯನ್ನೂ ಬಡಗಿಯನ್ನೂ ಕರೆದು, ದುರಸ್ತಿಯ ಖರ್ಚನ್ನೂ ಹೊಸ ಮನೆಯ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆಸಿ ನೋಡಲಿ.